ಕಾಲುವೆ ಬಂದಾದ ತಿಂಗಳು

ಶಹಾಪುರ
೨೭ ಆಗಸ್ಟ್ ೨೦೧೩, ಮಂಗಳವಾರ

ಸುಂದ್ರಕ್ಕಾ, ನಿನಗೆ ಜೈಭೀಮ್.

ಫೋನ್ ಮಾಡುವುದು ಬಿಟ್ಟು ಇವಳೇನು ಕಾಗದ ಬರೆದಳು ಅನ್ನುತ್ತೀ. ಎರಡು ಸಲ ಹಚ್ಚಿದೆ. "ಉಂಡಿ ಏನವಾ?" ಅಂತ ನೀನು ಕೇಳಿದ ಕೂಡಲೇ ಉಂಡೆ ಅಂತ ಹೇಳಿ ಇಟ್ಟುಬಿಟ್ಟೆ. ಮೊದಲು ಮುಖ್ಯ ಮಾತು ಹೇಳಿಬಿಡುತ್ತೇನೆ. ಬರುವ ಹುಣ್ಣಿಮೆಗೆ ಬುನಾದಿ ತೆಗೆಸಬೇಡ. ಗೌಂಡಿಗೆ ಸದ್ಯಕ್ಕೆ ಬೇಡ ಅನ್ನು. ಆ ಪ್ಲಾಟಿನಲ್ಲಿ ಮನೆ ಕಟ್ಟುವಂತಿಲ್ಲ. ಕಟ್ಟಬಾರದು ಎಂದು ನಿನ್ನೆ ವರದಿ ಬರೆದುಕೊಟ್ಟವಳು ನಾನೇ.

ಇಷ್ಟು ಓದಿ ಕಾಗದ ಕೆಳಗೆ ಇಟ್ಟಿರುತ್ತೀ. ಬೈದು ಮುಗಿಸಿ ಮತ್ತೆ ಎತ್ತಿಕೋ.

ನನ್ನ ಕೆಲಸ ನಿನಗೆ ಗೊತ್ತು. ಹೊಲವನ್ನು ಲೇಔಟ್ ಮಾಡುತ್ತೇನೆಂದು ಯಾರಾದರೂ ಅರ್ಜಿ ಕೊಟ್ಟರೆ, ಅಲ್ಲಿ ಹಳ್ಳ, ಕೆರೆ, ಬಾವಿ ಏನಾದರೂ ಹಾಳಾಗುತ್ತದೆಯೋ ಎಂದು ಹೋಗಿ ನೋಡಿ ಬರೆಯಬೇಕು. ನಿನಗೆ ಪ್ಲಾಟು ಕೊಟ್ಟ ಚನ್ನಯ್ಯನವರ ಅರ್ಜಿ ನನ್ನ ಪಾಲಿಗೆ ಬಂದಿತ್ತು. ಚುನಾವಣೆ ಕೆಲಸ ಬಿದ್ದದ್ದರಿಂದ ಸ್ಥಳಕ್ಕೆ ಹೋಗುವುದು ಮೇ ತಿಂಗಳಿಗೆ ಹೋಯಿತು. ಆಗ ಕಾಲುವೆ ಬಂದಾಗಿತ್ತು. ನೆಲ ಬಿರುಕು ಬಿಟ್ಟಿತ್ತು, ನಾಲ್ಕು ಜಾಲಿ ಗಿಡ ಬಿಟ್ಟರೆ ಹಸಿರು ಅನ್ನುವುದೇ ಇರಲಿಲ್ಲ. "ಜಲಮೂಲ ಇಲ್ಲ" ಎಂದು ಬರೆದೆ. ಪರವಾನಗಿ ಸಿಕ್ಕಿತು. ಜೂನ್‌ನಲ್ಲಿ ನೀನು ಇಪ್ಪತ್ತೇಳನೇ ಪ್ಲಾಟು ಹಿಡಿದೆ. ಜಾಗ ಹೇಗಿದೆ ಎಂದು ಕೇಳಿದವರಿಗೆಲ್ಲ, "ನಮ್ಮ ತಂಗಿ ಲಾಲಮ್ಮನೇ ನೋಡ್ಯಾಳ, ಮತ್ತೇನು ನೋಡೋದು" ಅಂದೆಯಂತೆ. ಯಾಕಾದರೂ ಅಂದೆಯೋ ಅಕ್ಕಾ.

ಈ ತಿಂಗಳು ಒಂದು ತಕರಾರು ಅರ್ಜಿ ಬಂತು. ಲೇಔಟಿನ ಕೆಳಗೆ ನಲವತ್ತು ಮನೆಯ ಒಂದು ಸಣ್ಣ ಊರಿದೆ. ಅಲ್ಲಿನ ಮಲ್ಲಾಬಾಯಿ ಎಂಬ ಹೆಂಗಸು ಹೆಬ್ಬೆಟ್ಟು ಒತ್ತಿ ಕೊಟ್ಟ ಅರ್ಜಿ. ಮತ್ತೆ ನೋಡಿ ಬಾ ಎಂದು ನನ್ನನ್ನೇ ಕಳಿಸಿದರು. ಶುಕ್ರವಾರ ಹೋದೆ. ಕಾಲುವೆಗೆ ನೀರು ಬಿಟ್ಟು ತಿಂಗಳಾಗಿದೆ. ಮೇಲಿನ ಭತ್ತದ ಗದ್ದೆಗಳ ಬಸಿನೀರು ಇಳಿದು ಬರುವ ಹಳ್ಳ ಆ ಹೊಲದ ನಡುವೆಯೇ ಇತ್ತು. ಅದನ್ನು ಗರಸು ಹಾಕಿ ಮುಚ್ಚಿ, ಮೇಲೆ ರಸ್ತೆ ಎಳೆದಿದ್ದಾರೆ. ದಾರಿ ಸಿಗದ ನೀರು ಪ್ಲಾಟುಗಳಲ್ಲಿ ಹರಡಿ ನಿಂತಿದೆ. ನಿನ್ನ ಪ್ಲಾಟಿನಲ್ಲಿ ನನ್ನ ಮೀನಖಂಡದ ತನಕ ಬಂತು. ಕೆಳಗಿನ ಊರಿಗೆ ಮಾತ್ರ ನೀರಿಲ್ಲ. ಅವರ ಕುಡಿಯುವ ಬಾವಿ ತುಂಬುತ್ತಿದ್ದದ್ದು ಆ ಹಳ್ಳದಿಂದಲೇ.

ಮಲ್ಲಾಬಾಯಿ ಕೊಡ ಇಳಿಬಿಟ್ಟು ಸೇದಿ ತೋರಿಸಿದಳು. ಅರ್ಧ ರಾಡಿ. ನಂತರ ಕೇಳಿದಳು, "ಮೇಡಮ್ಮೋರೆ, ಬ್ಯಾಸಗ್ಯಾಗ ಬಂದು ನೋಡಿ ಹೋದವರು ನೀವ ಏನ್ರಿ?"

ಹೌದು ಅಂದೆ.

"ಕಾಲುವಿ ಬಂದ್ ಇದ್ದಾಗ ಹಳ್ಳ ಹ್ಯಾಂಗ ಕಾಣತದ್ರಿ? ನಮ್ಮನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ದಿವಲ್ಲ."

ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಚನ್ನಯ್ಯನವರೂ ಬಂದರು. "ಬಸಿನೀರಿಗೆಲ್ಲ ಹಳ್ಳ ಅಂತ ಬರದ್ರ ಊರು ಬೆಳಿಯೋದರ ಹ್ಯಾಂಗ್ರಿ? ಇನ್ನೊಂದಿಷ್ಟು ಗರಸು ಹಾಕಿಸ್ತೀನಿ, ನಿಮ್ಮ ಅಕ್ಕಾರ ಪ್ಲಾಟಿಗೇ ಮೊದಲು" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ಖರೆ ಇದೆ. ಜನ ಎಲ್ಲಿಯಾದರೂ ಇರಬೇಕಲ್ಲ. ಸುರಪುರದಲ್ಲಿ ನಾಲ್ಕು ವರ್ಷಕ್ಕೆ ಮೂರು ಬಾಡಿಗೆ ಮನೆ ಬದಲಿಸಿದವಳು ನೀನು. ಹೆಸರು ಕೇಳಿ, ಓಣಿ ಕೇಳಿ, ಕಡೆಗೆ ಮನೆ ಖಾಲಿ ಇಲ್ಲ ಅನ್ನುತ್ತಿದ್ದರು. ಚನ್ನಯ್ಯನವರು ಮೂಡಣ ಬಾಗಿಲು ಬೇಕೋ ಬಡಗಣ ಬಾಗಿಲು ಬೇಕೋ ಎಂದಷ್ಟೇ ಕೇಳಿದರು ಅಂತ ನೀನು ಫೋನಿನಲ್ಲಿ ನಕ್ಕಿದ್ದೆ. ನಗುತ್ತ ನಗುತ್ತ ಅತ್ತೂಬಿಟ್ಟೆ. ವರದಿ ಬರೆಯುವಾಗ ಅದೇ ಕಿವಿಯಲ್ಲಿತ್ತು. ನಾಲ್ಕು ಹಾಳೆ ಹರಿದು ಹಾಕಿದೆ.

ಕಡೆಗೂ ಬರೆದೆ. ಹಳ್ಳ ತೆರೆಯಬೇಕು, ಎರಡೂ ದಂಡೆಯಲ್ಲಿ ಜಾಗ ಬಿಡಬೇಕು, ಹದಿನೈದು ಪ್ಲಾಟು ರದ್ದಾಗಬೇಕು. ನಿನ್ನದೂ ಅದರಲ್ಲಿದೆ. ಆ ಹದಿನೈದು ಮಂದಿಗೆ ಮೇಲಿನ ದಿಬ್ಬದಲ್ಲಿ ಜಾಗ ಕೊಡಬೇಕೆಂದೂ ಬರೆದಿದ್ದೇನೆ. ಚನ್ನಯ್ಯನವರು ಇನ್ನೂ ಒಪ್ಪಿಲ್ಲ. ಕೊಟ್ಟೇ ಕೊಡುತ್ತಾರೆ ಎಂದು ನಿನಗೆ ಮಾತು ಕೊಡಲಾರೆ.

ಅವ್ವ ಹೋದ ಮೇಲೆ ಗೋಗಿಯ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿ ನನ್ನನ್ನು ಓದಿಸಿದೆ. ಕಾಲ್ಬೆರಳ ಸಂದಿ ಹುಣ್ಣಾಗಿ ನೀನು ಹಿಮ್ಮಡಿಯ ಮೇಲೆ ನಡೆಯುತ್ತಿದ್ದದ್ದು ನನಗೆ ನೆನಪಿದೆ. ಹಾಗೆ ಸಿಕ್ಕ ಕುರ್ಚಿಯಲ್ಲಿ ಕುಳಿತು ನಿನ್ನ ಮನೆಯನ್ನೇ ತಪ್ಪಿಸಿದೆ. ಸಾಕಾಗಿದೆ ಅಕ್ಕಾ. ಸರಿ ಮಾಡಿದೆ ಎಂದು ಗೊತ್ತಿದ್ದೂ ಸಮಾಧಾನ ಇಲ್ಲ. ಕ್ವಾರ್ಟರ್ಸಿಗೆ ಬಂದು ಬಾಗಿಲು ಹಾಕಿಕೊಂಡರೆ ಒಲೆ ಹಚ್ಚುವ ಮನಸ್ಸೂ ಆಗುವುದಿಲ್ಲ.

ಬೈಯುವುದಕ್ಕಾದರೂ ಫೋನ್ ಮಾಡು. ಈ ಸಲ ನಾನು ಇಡುವುದಿಲ್ಲ.

ನಿನ್ನ ಕೈಯಲ್ಲೇ ಬೆಳೆದ ತಂಗಿ,
ಲಾಲಮ್ಮ

ತಾ.ಕ.: ಲಕೋಟೆಗೆ ಗೋಂದು ಹಚ್ಚಿ ಮತ್ತೆ ಬಿಚ್ಚಿದೆ. ಚುನಾವಣೆಯಿಂದ ತಡವಾಯಿತು ಎಂದು ಬರೆದದ್ದು ಸುಳ್ಳು. ಆ ಕಡತ ಜನವರಿಯಲ್ಲೇ ನನ್ನ ಮೇಜಿಗೆ ಬಂದಿತ್ತು. ಆಗಲೇ ಒಬ್ಬಳೇ ಹೋಗಿ ನೋಡಿ ಬಂದಿದ್ದೆ. ಹಳ್ಳ ತುಂಬಿ ಹರಿಯುತ್ತಿತ್ತು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅದೇ ವಾರ ನೀನು, "ನಿನ್ನ ಹಂತ್ಯಾಕ ಚನ್ನಯ್ಯನವರ ಹೊಲದಾಗ ಒಂದು ಪ್ಲಾಟ್ ಆಗತದಂತ, ಬಂದುಬಿಡ್ಲೇನು?" ಎಂದು ಕೇಳಿದೆ. ಕಡತವನ್ನು ರಾಶಿಯ ಅಡಿಗೆ ಹಾಕಿ, ಕಾಲುವೆ ಬಂದಾಗುವ ತನಕ ಕಾದೆ. ನೀನು ಹತ್ತಿರ ಬರಲಿ ಎಂಬ ಒಂದೇ ಆಸೆ. ನಿನ್ನೆಯ ವರದಿಯಲ್ಲಿ ಇದನ್ನೂ ಬರೆದು ಸಹಿ ಮಾಡಿದ್ದೇನೆ. ಕೆಲಸ ಉಳಿಯಲಿಕ್ಕಿಲ್ಲ, ಕ್ವಾರ್ಟರ್ಸೂ ಬಿಡಬೇಕಾದೀತು. ಆಗ ನಿನ್ನ ಬಾಡಿಗೆ ಮನೆಗೇ ಬರುತ್ತೇನೆ. ಎಷ್ಟು ಬೈದರೂ ಸರಿ, ಒಂದು ಚಾಪೆ ಹಾಸುವಷ್ಟು ಜಾಗ ಕೊಡು.