ಚಿತ್ರದಲ್ಲಿ ಲೋಯ್

ಲೂವೆನ್
ಸರ್ವಸಂತರ ಹಬ್ಬದ ಮರುದಿನ, ೧೪೮೯

ಮುದ್ದು ಮಗಳು ಕಾಟ್ಲೈನ್‌ಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮಗುವಿಗೆ ಹಲ್ಲು ಬರುತ್ತಿದೆ ಎಂದು ಓದಿ ಎಷ್ಟೋ ದಿನಗಳ ಮೇಲೆ ನಕ್ಕೆ. ಅದರ ಕೆಳಗಿನ ಸಾಲಿಗೆ ಬಂದಾಗ ನಗು ನಿಂತಿತು. ಬದುಕಿರುವವರೆಗೆ ಅಪ್ಪನ ಮುಖ ನೋಡುವುದಿಲ್ಲ ಎಂದು ಬರೆದಿದ್ದೀಯ. ಯಾರ ಬಾಯಿಂದ ನಿನಗೆ ಏನು ತಲುಪಿತೋ ತಿಳಿಯದು. ನಡೆದದ್ದನ್ನು ನಾನೇ ಹೇಳುತ್ತೇನೆ.

ನಿನ್ನ ತಮ್ಮ ಲೋಯ್‌ನ ಕಂಕುಳಲ್ಲಿ ಗಡ್ಡೆ ಎದ್ದ ದಿನವೇ ಪುರಸಭೆಯವರು ಬಂದು, ಪ್ಲೇಗಿನ ಮನೆಯೆಂದು ಬಾಗಿಲಿಗೆ ಹುಲ್ಲಿನ ಕಂತೆ ಕಟ್ಟಿ ಕಾವಲು ಹಾಕಿದರು. ಅಪ್ಪ ಆಗ ಊರಾಚೆಯ ಮಠದಲ್ಲಿದ್ದರು. ಶಿಲುಬೆಯಿಂದ ಇಳಿಸಿದ ಯೇಸುವಿನ ಚಿತ್ರವನ್ನು ಅಜ್ಜ ಅರ್ಧಕ್ಕೆ ಬಿಟ್ಟು ಸತ್ತಿದ್ದರಲ್ಲ, ಅದನ್ನು ಮುಗಿಸಲು ಹೋಗಿದ್ದರು. ಮಾತೆ ಮರಿಯ, ಗುಡ್ಡ, ಆಕಾಶ ಎಲ್ಲ ಆಗಿತ್ತು. ಯೇಸುವಿನ ಜಾಗ ಮಾತ್ರ ಬಿಳಿಯಾಗಿಯೇ ಉಳಿದಿತ್ತು. ಸತ್ತ ಮೈ ಅಪ್ಪನ ಕೈಗೆ ಬರಲೇ ಇಲ್ಲ. ಬರೆಯುವುದು, ಅಳಿಸುವುದು, ಒಂದು ವರ್ಷ ಇದೇ ಆಯಿತು. "ಬದುಕಿರೋರು ಅಪ್ಪನ ಕುಂಚದ ಮಾತು ಕೇಳ್ತಾರೆ, ಸತ್ತೋರು ಕೇಳಲ್ಲ" ಎಂದು ಲೋಯ್ ಅಣಕಿಸುತ್ತಿದ್ದ.

ಸುದ್ದಿ ತಿಳಿದು ಅಪ್ಪ ಓಡಿ ಬಂದರು. ಕಾವಲುಗಾರ ಅಡ್ಡ ನಿಂತ. "ಒಳಗೆ ಹೋದ್ರೆ ಹೊರಗೆ ಬರೋ ಹಾಗಿಲ್ಲ, ಗೋವಾರ್ಟ್ ಯಜಮಾನ್ರೇ."

"ಬರೋಕಲ್ಲಪ್ಪಾ ಹೋಗ್ತಿರೋದು" ಎಂದು ಅವನನ್ನು ಸರಿಸಿ ಒಳಗೆ ಬಂದರು.

ಲೋಯ್‌ನ ಮೈ ಕಪ್ಪಿಡತೊಡಗಿದ ಮಧ್ಯಾಹ್ನ, ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ತರಲು ನಾನು ಕೆಳಗಿಳಿದಿದ್ದೆ. ಕೋಣೆಗೆ ಹಿಂತಿರುಗಿದಾಗ ಅಪ್ಪ ಹಾಸಿಗೆಯ ಪಕ್ಕ ಕುಳಿತು ಅವನನ್ನು ಬರೆಯುತ್ತಿದ್ದರು. ಹೊದಿಕೆ ನೆಲದ ಮೇಲಿತ್ತು. ಅವನ ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು.

"ಏನ್ರೀ ಮಾಡ್ತಿದೀರಾ? ಅವನಿಗಿನ್ನೂ ಉಸಿರಿದೆ."

"ಕಿಟಕಿ ಪೂರ್ತಿ ತೆಗಿಯೇ" ಎಂದರು. ನನ್ನ ಕಡೆ ತಿರುಗಲೂ ಇಲ್ಲ.

ಅವರ ಕೈಗೆ ಹೊಡೆದೆ. ಬಿದ್ದ ಇದ್ದಿಲ ಕಡ್ಡಿಯನ್ನು ಎತ್ತಿಕೊಂಡು ಮತ್ತೆ ಬರೆದರು. ಸಂಜೆ ಲೋಯ್ ಹೋದ. ಹೆಣದ ಗಾಡಿ ಬರುವವರೆಗೂ ಅವರ ಕೈ ನಿಲ್ಲಲಿಲ್ಲ. ನಾನು ಕಿರುಚಿದ್ದನ್ನು ಪಕ್ಕದ ಮನೆಯ ರೊಟ್ಟಿಯವಳು ಕೇಳಿಸಿಕೊಂಡು ಊರಿಗೆಲ್ಲ ಹಂಚಿದಳು.

ಹುಲ್ಲಿನ ಕಂತೆ ಬಿಚ್ಚಿದ ಮೇಲೆ ಅಪ್ಪ ಮಠಕ್ಕೆ ಹೋಗಿ ಚಿತ್ರ ಮುಗಿಸಿದರು. ಈಗ ಅದು ಬಲಿಪೀಠದ ಮೇಲಿದೆ. ಅದರ ಮುಂದೆ ಹೆಂಗಸರು ಬಿಕ್ಕಿ ಅಳುತ್ತಾರೆ. ಚಿಕ್ಕಂದಿನಲ್ಲಿ ನೀನು ತಳ್ಳಿ ನಿನ್ನ ತಮ್ಮನ ತುಟಿಯ ಮೇಲೆ ಆದ ಗಾಯದ ಗುರುತೂ ಯೇಸುವಿನ ಮುಖದಲ್ಲಿ ಹಾಗೆಯೇ ಇದೆ. "ನಿಮ್ಮ ಯಜಮಾನ್ರ ಕೈಗೆ ದೇವರೇ ಬಂದ್ರಮ್ಮಾ" ಎಂದರು ಮಠದ ಹಿರಿಯರು. ನಾನು ಎದ್ದು ಬಂದುಬಿಟ್ಟೆ.

ಅಲ್ಲಿ ಮೊಣಕಾಲೂರುವ ಜನವೇ ಬೀದಿಯಲ್ಲಿ ಅಪ್ಪನನ್ನು ಕಂಡರೆ "ಮಗನ್ನ ತಿಂದು ದೇವರನ್ನ ಬರೆದೋನು" ಅನ್ನುತ್ತಾರೆ. ಅಪ್ಪ ತಲೆ ತಗ್ಗಿಸಿ ನಡೆದುಬಿಡುತ್ತಾರೆ. ಆ ಚಿತ್ರವಾದ ಮೇಲೆ ಕುಂಚ ಮುಟ್ಟಿಲ್ಲ. ಈಗ ಕೆಮ್ಮಿದರೆ ರಕ್ತ ಬರುತ್ತದೆ. ಕ್ರಿಸ್ಮಸ್ ಕಾಣುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ. ನಿನ್ನ ಹೆಸರೆತ್ತುವುದಿಲ್ಲ. ಆದರೆ ನಿಮ್ಮೂರು ಆಂಟ್‌ವರ್ಪ್‌ನ ಗಾಡಿ ಬರುವ ದಿನ ಕಿಟಕಿಯ ಬಳಿ ಕೂರುತ್ತಾರೆ.

ಬರುವುದು ಬಿಡುವುದು ನಿನಗೇ ಬಿಟ್ಟದ್ದು. ಮಗುವಿಗೆ ನನ್ನ ಮುತ್ತು.

ನಿನ್ನ ಅಮ್ಮ
ಅಲೇಯ್ಡಿಸ್

ಸಹಿಯ ನಂತರ ಇನ್ನೊಂದು ಮಾತು: ಆ ಮಧ್ಯಾಹ್ನ ನಾನು ನೇರವಾಗಿ ಕೋಣೆಯೊಳಗೆ ಹೋಗಲಿಲ್ಲ. ಒದ್ದೆ ಬಟ್ಟೆ ಹಿಡಿದು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಲೋಯ್ ಹೇಳುತ್ತಿದ್ದ, "ಬೇಗ ಬರೆಯೋಕೆ ಶುರು ಮಾಡಿ ಅಪ್ಪಾ, ಅಮ್ಮ ಬಂದ್ರೆ ಬಿಡಲ್ಲ. ಕೈ ಹೀಗಿಟ್ಕೊಳ್ಲಾ?" ಎಂದು. "ಬೇಡ ಮಗಾ, ಬೇಡ" ಎಂದು ಅಪ್ಪ ಅಳುತ್ತಿದ್ದರು. ಅವನು ಬಿಡಲಿಲ್ಲ. ನಾನು ಕೇಳಿಸಿಕೊಂಡದ್ದು ಅವರಿಗೆ ಇಂದಿಗೂ ಗೊತ್ತಿಲ್ಲ. ಸತ್ತ ಮಗನ ಮೇಲೆ ಸಿಟ್ಟಾಗಲು ನನ್ನಿಂದಾಗಲಿಲ್ಲ, ಕಾಟ್ಲೈನ್. ಎದುರಿಗೆ ಉಳಿದಿದ್ದವರು ಅವರೊಬ್ಬರೇ.