ಒಂದು ಸ್ವರ ಕಡಿಮೆ

ಹಿಂದಿನ ಕೋಣೆ, ನಿನ್ನ ಮೇಜಿನ ಮುಂದೆ
ಭಾನುವಾರ ಮಧ್ಯಾಹ್ನ

ಕೂಡಿದ ಮಹಾಜನಗಳೇ! ಮುಂದಿನ ಸಾಲಿನ ಗಣ್ಯರೇ, ಹಿಂದಿನ ಬೆಂಚಿನ ಸೀಟಿ ವೀರರೇ, ಟಿಕೆಟ್ಟಿಲ್ಲದೆ ನುಸುಳಿದ ನೆಂಟರೇ, ಕಿವಿಗೊಟ್ಟು ಕೇಳಿ!

"ರೀ, ಇಲ್ಲಿ ಕೂತಿರೋಳು ನಾನೊಬ್ಬಳೇ, ಮೆಲ್ಲಗೆ ಹೇಳಿದ್ರೂ ಕೇಳುತ್ತೆ" ಎಂದು ನನ್ನ ಈ ನಾಟಕದ ಕೂಗಿಗೆ ರೇಗುತ್ತಿದ್ದೆ ನೀನು. ಆ ಒಬ್ಬಳೂ ಎದ್ದು ಹೋದ ಮೇಲೆ ಎಷ್ಟು ಜೋರಾಗಿ ಕೂಗಬೇಕೆಂಬ ಅಂದಾಜೇ ತಪ್ಪಿಹೋಗಿದೆ.

ನನ್ನ ಪ್ರೀತಿಯ ಯಜಮಾನಿ,

ನಿನ್ನ ಮೊಣಕಾಲು ಹೇಗಿದೆ? ಸತ್ತವರಿಗೆ ಮೊಣಕಾಲು ನೋಯುವುದಿಲ್ಲ ಎಂದು ಮಗ ಹೇಳಿಯಾನು. ವರ್ಷಗಟ್ಟಲೆ ದಿನಾ ಕೇಳಿದ ಬಾಯಿ, ಬಿಡುವುದುಂಟೇ? ನನ್ನ ಆರೋಗ್ಯಕ್ಕೇನು, ಗುಂಡುಕಲ್ಲು. ಸೊಸೆ ಹೊಟ್ಟೆ ಬಿರಿಯುವಷ್ಟು ಬಡಿಸುತ್ತಾಳೆ. ತಿಂದು ಅರಗದಿರುವುದು ಒಂದೇ ಸಂಗತಿ: ನಮ್ಮ ತಿರುಪು ಈಗ ಸ್ಕ್ರೂಡ್ರೈವರ್ ಮುಟ್ಟುವುದನ್ನು ಬಿಟ್ಟಿದ್ದಾಳೆ.

ಹೌದು ಕಣೇ, ಆ ಮೊಮ್ಮಗಳೇ. ಮಾತು ಕಲಿಯುವ ಮೊದಲೇ ಡಬ್ಬಿಯ ಮುಚ್ಚಳ ತಿರುಗಿಸುವುದನ್ನು ಕಲಿತಳೆಂದು ನೀನೇ ತಿರುಪು ಎಂದು ಹೆಸರಿಟ್ಟೆಯಲ್ಲ. ಕಾರ್ಖಾನೆಯಲ್ಲಿ ಇಡೀ ದಿನ ಹೊಲಿಗೆ ಯಂತ್ರಗಳ ಹೊಟ್ಟೆಗೆ ಕೈಹಾಕಿ ಬಂದವಳು ನೀನು, ಸಂಜೆ ಅವಳ ಜೊತೆ ಈ ಮೇಜಿಗೆ ಕೂತರೆ ಮನೆಯಲ್ಲಿ ಕೆಟ್ಟ ಸಾಮಾನಿಗೆಲ್ಲ ಜಾತ್ರೆ. ಇಸ್ತ್ರಿಪೆಟ್ಟಿಗೆ, ಟಾರ್ಚು, ನನ್ನ ಕೆಮ್ಮುವ ರೇಡಿಯೋ. "ಹೆಣ್ಣು ಮಗೂಗೆ ಆಡೋಕೆ ಇದೇನಮ್ಮಾ? ಒಂದು ಗೊಂಬೆ ಕೊಡಬಾರದಾ?" ಎಂದು ಎದುರುಮನೆಯಾಕೆ ಮೂಗು ಮುರಿದಾಗ, "ಕೊಟ್ಟಿದ್ದೆ ಕಣ್ರೀ. ಮಲಗಿಸಿದ್ರೆ ಕಣ್ಣು ಹೇಗೆ ಮುಚ್ಚುತ್ತೆ ಅಂತ ನೋಡೋಕೆ ತಲೆ ಬಿಚ್ಚಿಟ್ಟಿದ್ದಾಳೆ" ಎಂದವಳು ನೀನು. ನಿಮ್ಮ ಆಟಕ್ಕೆ ಇದ್ದದ್ದು ಒಂದೇ ನಿಯಮ. ಬಿಚ್ಚಿದವರೇ ಜೋಡಿಸಬೇಕು. ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಇಡುತ್ತಾ ಹೋದರೆ ಹಿಂದಿರುಗುವ ದಾರಿ ತಪ್ಪುವುದಿಲ್ಲ.

ಕೊನೆಗೆ ಬಿಚ್ಚಿದ್ದು ನನ್ನ ಹಾರ್ಮೋನಿಯಂ. ಒಂದು ಕೀ ಒತ್ತಿದರೆ ಸ್ವರ ಹೊರಡುತ್ತಿರಲಿಲ್ಲ. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳನ್ನು, ಅಂದರೆ ರೀಡುಗಳನ್ನು, ನೀವಿಬ್ಬರೂ ಒಂದೊಂದೇ ಹೊರತೆಗೆದಿರಿ. ಉದ್ದನೆಯ ನಾಲಿಗೆ ಊದಿದರೆ ನಾನು ಗೊರಕೆ ಹೊಡೆದಂತೆ, ಗಿಡ್ಡನೆಯದು ಊದಿದರೆ ಸೊಸೆ ಜಿರಳೆ ನೋಡಿದಂತೆ ಎಂದು ಅವಳೇ ಕಂಡುಹಿಡಿದಳು. ಆ ದಿನ ನಕ್ಕಿದ್ದೇ ನಕ್ಕಿದ್ದು. ಮರುದಿನ ನಿನ್ನನ್ನು ಆಸ್ಪತ್ರೆಗೆ ಒಯ್ದೆವು. ಬಟ್ಟೆಯ ಮೇಲಿನ ಆ ಸಾಲು ಇಂದಿಗೂ ಹಾಗೆಯೇ ಇದೆ.

ಯಾಕೆ ಮುಟ್ಟುವುದಿಲ್ಲ ಪುಟ್ಟೀ ಎಂದು ಮೊನ್ನೆ ತಿರುಪುವನ್ನು ಕೇಳಿದೆ. ಗೋಡೆ ನೋಡುತ್ತಾ ಹೇಳಿದಳು: "ಡಾಕ್ಟರೂ ಅಜ್ಜೀನ ಬಿಚ್ಚಿದ್ರು. ಅವರೇ ಮತ್ತೆ ಸರಿಯಾಗಿ ಹೊಲಿದ್ರು. ಆಮೇಲೂ ಯಾಕೆ ನಡೀಲಿಲ್ಲ ತಾತಾ?"

ರಂಗದ ಮೇಲೆ ಎಷ್ಟು ಸಾವುಗಳಿಗೆ ಎದೆ ಬಡಿದುಕೊಂಡು ಅತ್ತವನು ನಾನು! ಹಳೆಯ ದೀಪಗಳು ನಡುಗುವಂತೆ ಗರ್ಜಿಸಿದವನು! ಅಲ್ಲಿ ಮಾತು ಮರೆತಾಗ ಪರದೆಯ ಹಿಂದಿನಿಂದ ಎತ್ತಿಕೊಡುತ್ತಿದ್ದವಳು ನೀನು. ಅಂದು ಆ ಮಗುವಿನ ಎದುರು ಕೂತು ಬಾಗಿಲ ಪರದೆಯ ಕಡೆ ತಿರುಗಿ ನೋಡಿದೆನೆಂದರೆ ನಂಬುತ್ತೀಯಾ?

"ಆ ಹಾರ್ಮೋನಿಯಂ ನೋಡಿದಾಗೆಲ್ಲ ಮಗು ಮಂಕಾಗ್ತಾಳೆ ಅಪ್ಪಾ, ರಿಪೇರಿಯವನು ಒಯ್ದುಬಿಡಲಿ" ಎಂದು ಮಗ ನಾಳೆ ಮಧ್ಯಾಹ್ನ ಆತನನ್ನು ಬರಹೇಳಿದ್ದಾನೆ. ತಂದೆಯ ಕರುಳು, ತಪ್ಪೆನ್ನಲಾರೆ. ಆದರೆ ಬೇರೆ ಯಾರೋ ಜೋಡಿಸಿ ತಂದುಕೊಟ್ಟರೆ ಅವಳು ಮತ್ತೆ ಯಾವುದನ್ನೂ ಬಿಚ್ಚುವುದಿಲ್ಲ. ನಿನ್ನ ಜೊತೆ ಅವಳ ಕೈಯೂ ಹೋಗಿಬಿಡುತ್ತದೆ. ನನ್ನ ಭಯ ಅದೊಂದೇ.

ಎಲ್ಲರೂ ನಿನ್ನನ್ನು ಕೇಳಿದರೆಂದು ತಿಳಿ. ಸೊಸೆ ನಿನ್ನ ಕನ್ನಡಕವನ್ನು ವಾರಕ್ಕೊಮ್ಮೆ ಒರೆಸಿಡುತ್ತಾಳೆ.

ಇಂತಿ,
ನಿನ್ನ ಒಬ್ಬಳ ಚಪ್ಪಾಳೆಗೆ ಬದುಕಿದ
ಮುದಿ ಮಹಾರಾಜ

ತಾ.ಕ.: ಲಕೋಟೆ ಅಂಟಿಸುವವನಿದ್ದೆ, ತಡಿ! ಸಾಲಿನಲ್ಲಿ ಒಂದು ನಾಲಿಗೆ ಇಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ತಿರುಪುವಿನ ದಿಂಬಿನ ಕೆಳಗೆ, ನೀನು ಎಣ್ಣೆಕೈ ಒರೆಸುತ್ತಿದ್ದ ಬಟ್ಟೆಯಲ್ಲಿ ಸುತ್ತಿ. ಧೂಳಿನ ಕಣವೂ ಇಲ್ಲದಂತೆ ಉಜ್ಜಿಟ್ಟಿದ್ದಾಳೆ ಕಣೇ! ನಾನು ತೆಗೆಯಲಿಲ್ಲ, ಇದ್ದಲ್ಲೇ ಇಟ್ಟು ಬಂದೆ. ನಾಳೆ ಬೆಳಿಗ್ಗೆ, ಅವಳು ಏಳುವ ಹೊತ್ತಿಗೆ, ಉಳಿದ ನಾಲಿಗೆಗಳನ್ನೆಲ್ಲ ನೀವಿಟ್ಟ ಸಾಲಿನಂತೆಯೇ ಜೋಡಿಸಿ ಈ ಮೇಜಿನ ಮುಂದೆ ಕೂತು ನುಡಿಸುತ್ತೇನೆ. ಆ ನಾಲಿಗೆಯ ಕೀಗೆ ಬಂದಾಗ ಸ್ವರ ಹೊರಡುವುದಿಲ್ಲ, ಬರೀ ಉಸಿರು ಬರುತ್ತದೆ. ನಾನು ಅಲ್ಲೇ ಬೆರಳಿಟ್ಟು ತಿದಿ ಒತ್ತುತ್ತಾ ಕೂರುತ್ತೇನೆ, ಅವಳು ದಿಂಬು ಎತ್ತುವವರೆಗೆ.