ಗಡ್ಡೆ ಕರಗಿತೆಂದು ಹೇಳಿದ ಸಾಕ್ಷಿ

೯ ಫೆಬ್ರುವರಿ ೨೦೨೫, ರವಿವಾರ, ಸಂಜೆ

ರಜೆಯ ದಿನ. ಆದರೂ ಬೆಳಿಗ್ಗೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ಹೋಗಿ ಜಾಳಿಗೆಯ ಮೇಲಿನ ಹಣ್ಣು ಮುಟ್ಟಿ ನೋಡಿ ಬಂದೆ. ದ್ರಾಕ್ಷಿ ಒಣಹಾಕಿ ಎಂಟು ದಿನ. ಮೇಲಿನ ಅಂತಸ್ತು ಪರವಾಗಿಲ್ಲ, ಕೆಳಗಿನದು ಇನ್ನೂ ಮೆತ್ತಗೆ. ಮಾಲೀಕರ ಫೋನ್. ‘ಆತೇನೋ ರಾಜಾರಾಮಾ?’ ‘ಇಲ್ರಿ, ಇನ್ನೂ ಐದಾರು ದಿನ ಬೇಕ್ರಿ.’ ದ್ರಾಕ್ಷಿ ವಿಷಯದಲ್ಲಿ ಒಂದು ದಿನ ಮೊದಲು ಆಯಿತೆಂದು ಹೇಳಿದವನಲ್ಲ ನಾನು.

ಆಮೇಲೆ ಹೆಂಡತಿ ವಿಶಾಖಾಳನ್ನು ಕರೆದುಕೊಂಡು ಬಬಲೇಶ್ವರ. ಗೊಲ್ಲಾಳಪ್ಪಣ್ಣನ ಪಡಸಾಲೆಯಲ್ಲಿ ನಮ್ಮ ಪ್ರಾರ್ಥನೆ ಕೂಟ. ಅವನೇ ಕೂಟದ ಹಿರಿಯ. ಇಪ್ಪತ್ತಾರು ಜನ ಬಂದಿದ್ದರು. ಸಾಕ್ಷಿ ಹೇಳುವ, ಅಂದರೆ ಕರ್ತನು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವ ಹೊತ್ತಿಗೆ ಎಲ್ಲರ ಕಣ್ಣು ನನ್ನ ಮೇಲೆ. ಇದ್ದದ್ದೇ. ಅಜ್ಜಿಯ ತೊಡೆಯ ಮೇಲೆ ಕಥೆ ಕಲಿತ ಬಾಯಿ ಇದು, ಸುಮ್ಮನಿರುವುದಿಲ್ಲ.

ಎದ್ದೆ. ನನ್ನ ಹೆಂಡತಿಯ ಕುತ್ತಿಗೆಯ ಗಡ್ಡೆ ಕರಗಿದೆ ಅಂದೆ.

ಕರಗಿಲ್ಲ. ಸೂಜಿ ಹಾಕಿ ಮಾಡಿದ ಟೆಸ್ಟಿನ ರಿಪೋರ್ಟ್ ಕೂಡ ಬಂದಿಲ್ಲ. ಬೇಡಿಕೊಂಡದ್ದು ಸಿಕ್ಕೇ ಬಿಟ್ಟಿತೆಂದು ಮೊದಲೇ ಸ್ತೋತ್ರ ಹೇಳುವುದು ನಮ್ಮ ಕೂಟದ ರೂಢಿ. ಅಷ್ಟಕ್ಕೇ ಕೂತಿದ್ದರೆ... ಕೂರಲಿಲ್ಲ. ಮಂಗಳವಾರ ರೊಟ್ಟಿ ಬಡಿಯುತ್ತ ಕುತ್ತಿಗೆ ಮುಟ್ಟಿಕೊಂಡಳಂತೆ, ನಿಂಬೆಕಾಯಷ್ಟಿದ್ದದ್ದು ಸಾಸಿವೆಯಷ್ಟೂ ಇಲ್ಲವಂತೆ, ಡಾಕ್ಟರು ತೆರೆದ ಬಾಯಿ ಮುಚ್ಚಲಿಲ್ಲವಂತೆ. ಮಂದಿ ‘ಸ್ತೋತ್ರ! ಸ್ತೋತ್ರ!’ ಎಂದಿತು. ಮಮದಾಪುರದಿಂದ ಬರುವ ಯಶೋಧರಾ ಬಿಕ್ಕಿ ಬಿಕ್ಕಿ ಅತ್ತಳು.

ಬಸ್ಸಿನಲ್ಲಿ ವಿಶಾಖಾ ಕಿಟಕಿ ಕಡೆ ಮುಖ ಮಾಡಿ ಕೂತಳು. ನಮ್ಮೂರು ಇಟ್ಟಂಗಿಹಾಳದಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು.

‘ಡಾಕ್ಟರು ಯಾವಾಗ ಬಾಯಿ ತಗದ್ರು? ನಾನೂ ಅಲ್ಲೇ ಇದ್ದೆನಲ್ಲ.’

‘ನಂಬಿಕಿಲೆ ಹೇಳಿದ್ನಿ.’

‘ನಿಮ್ಮ ನಂಬಿಕಿ ತೂಗಹಾಕಾಕ ನನ್ನ ಕುತ್ತಿಗೀನ ಬೇಕಾಗಿತ್ತೇನು?’

೧೩ ಫೆಬ್ರುವರಿ, ಗುರುವಾರ

ರಿಪೋರ್ಟ್ ಬಂತು. ಕೆಟ್ಟ ಗಡ್ಡೆಯೇ, ಕ್ಯಾನ್ಸರ್. ವಿಜಯಪುರದ ಡಾಕ್ಟರು ನಿಧಾನವಾಗಿ ಹೇಳಿದರು: ಆಪರೇಷನ್ ಆಗಲೇಬೇಕು, ಹೆದರಬೇಡಿ, ತಡ ಮಾತ್ರ ಮಾಡಬೇಡಿ.

ವಿಶಾಖಾ ಮನೆಗೆ ಬಂದವಳೇ ಪಾತ್ರೆ ತಿಕ್ಕಲು ಕೂತಳು. ನಾನು ಮೊಣಕಾಲೂರಿದೆ. ಬಾಯಿಗೆ ಬಂದದ್ದು ಮತ್ತೆ ಅದೇ ಸಾಸಿವೆಯ ಮಾತು. ಕಟ್ಟಿದ ಕಥೆಯನ್ನು ನಾನೇ ನಂಬಿ ಕೂತಿದ್ದೆ ಅಂತ ಆಗ ಗೊತ್ತಾಯಿತು.

೧೬ ಫೆಬ್ರುವರಿ, ರವಿವಾರ

ಕೂಟಕ್ಕೆ ಹೋಗಲಿಲ್ಲ. ಶೆಡ್ಡಿನಲ್ಲಿ ಕೆಲಸ ಅಂತ ಗೊಲ್ಲಾಳಪ್ಪಣ್ಣನಿಗೆ ಫೋನ್ ಮಾಡಿದೆ. ಕೆಲಸ ಇರಲಿಲ್ಲ.

೩ ಮಾರ್ಚ್, ಸೋಮವಾರ

ಮಮದಾಪುರದ ಆಶಾ ಕಾರ್ಯಕರ್ತೆ ಸುಗರಾಬಿಯ ಫೋನ್. ನಂಬರು ಎಲ್ಲಿ ಹುಡುಕಿದಳೋ.

‘ಸಾಕ್ಷಿ ಹೇಳೂ ರಾಜಾರಾಮ ನೀವ ಏನ್ರಿ? ನಮ್ಮ ಊರ ಯಶೋಧರಾ ಟಿಬಿ ಗುಳಿಗಿ ಬಿಟ್ಟು ಮೂರು ವಾರ ಆತು. ಆರು ತಿಂಗಳ ಕೋರ್ಸು, ಬರೇ ಮೂರು ತಿಂಗಳ ತಗೊಂಡಾಳ. ಕೇಳಿದ್ರ, ರಾಜಣ್ಣನ ಹೇಣ್ತಿ ಗಡ್ಡಿ ಕರಗೇತಿ, ನನ್ನ ಕೆಮ್ಮೇನು ದೊಡ್ಡದು ಅಂತಾಳ. ನಿಮ್ಮ ದೇವರು ಗುಳಿಗಿ ಬ್ಯಾಡ ಅಂದಾನೇನ್ರಿ? ನಮ್ಮಾಂವ ಅಂತೂ ಅಂದಿಲ್ಲ.’

ಫೋನ್ ಹಿಡಿದು ಅಂಗಳಕ್ಕೆ ಬಂದೆ.

‘ನಿನ್ನಿ ಕೆಮ್ಮಿದ್ರ ರಕ್ತ ಬಂದೈತಿ. ಹಿಂಗ ಬಿಟ್ರ ಸಾಯ್ತಾಳ್ರಿ. ನನ್ನ ಮಾತು ಕೇಳವಲ್ಲಳು. ಹೊಲಿದಾಂವ ನೀವು, ಬಿಚ್ಚಾಂವನೂ ನೀವ ಆಗಬೇಕು.’

೪ ಮಾರ್ಚ್, ಮಂಗಳವಾರ

ಮಮದಾಪುರಕ್ಕೆ ಹೋದೆ. ಯಶೋಧರಾ ಕಟ್ಟೆಯ ಮೇಲೆ ಕೂತಿದ್ದಳು, ಕಾಲ ಬಳಿ ಎರಡು ಆಡು. ಗಲ್ಲ ಒಳಗೆ ಹೋಗಿವೆ. ಗಂಡ ತೀರಿಕೊಂಡ ಮೇಲೆ ಆಡು ಮೇಯಿಸಿಯೇ ಬದುಕಿದವಳು.

ಹೇಳಿದೆ. ಸುತ್ತುಬಳಸಲಿಲ್ಲ. ‘ನಾ ಹೇಳಿದ್ದು ಸುಳ್ಳು ತಂಗಿ. ಗಡ್ಡಿ ಹಂಗ ಐತಿ. ಕೆಟ್ಟ ಗಡ್ಡಿ. ನೀ ಗುಳಿಗಿ ತಗೋ.’

ನಕ್ಕಳು. ನಗು ಕೆಮ್ಮಾಯಿತು. ಸೆರಗು ಬಾಯಿಗಿಟ್ಟುಕೊಂಡು ಸುಧಾರಿಸಿಕೊಂಡಳು.

‘ಅಣ್ಣಾ, ನಿನಗ ಅನುಮಾನ ಹೊಕ್ಕೈತಿ. ಅದಕ್ಕ ಗಡ್ಡಿ ಹೊಳ್ಳಿ ಬಂದೈತಿ. ನನಗ ಹೊಕ್ಕಿಲ್ಲ, ನಾ ಗಟ್ಟಿ ಅದೀನಿ.’

‘ಕರಗೇ ಇದ್ದಿಲ್ಲಬೇ!’

‘ತಲಿ ಬಗ್ಗಸು. ನಿನ್ನ ಸಲುವಾಗಿ ಪ್ರಾರ್ಥನಿ ಮಾಡ್ತೀನಿ.’

ಮಾಡಿದಳು. ತಲೆಯ ಮೇಲೆ ಆಕೆಯ ಕೈ ಕಾದ ಹಂಚು. ನನ್ನ ಅಪನಂಬಿಕೆ ಹೋಗಲೆಂದು ಕರ್ತನನ್ನು ಬೇಡಿಕೊಂಡಳು, ನಾನು ಕಲಿಸಿದ ಮಾತುಗಳಲ್ಲೇ.

೫ ಮಾರ್ಚ್, ಬುಧವಾರ

ಗೊಲ್ಲಾಳಪ್ಪಣ್ಣನನ್ನು ಕಂಡೆ. ಸುಳ್ಳು ಹೇಳಿದ್ದು ಎಲ್ಲರ ಮುಂದೆ, ಬಿಚ್ಚುವುದೂ ಎಲ್ಲರ ಮುಂದೆಯೇ ಅಂದೆ. ಚಹಾ ಹಾಗೇ ಆರಿತು.

‘ಲೇ ತಮ್ಮಾ, ಆಕಿಗಿ ಒಬ್ಬಾಕಿಗೆ ತಿಳಿಸಿ ಹೇಳು.’

‘ಹೇಳಿ ಬಂದೀನಿ. ನಂಬವಲ್ಲಳು.’

‘ಕೂಟದಾಗ ಅಂದ್ರ ಹೊಸದಾಗಿ ಬಂದ ಎರಡು ಮನಿ ಮಂದಿ ಎದ್ದು ಹೋಗ್ತಾರ. ದೇವರ ಹೆಸರು ಕೆಡ್ತೈತಿ.’

ಬಸ್ಸಿನಲ್ಲಿ ಅದೇ ಯೋಚನೆ. ನನ್ನ ಸುಳ್ಳು ಬಿದ್ದರೆ ದೇವರೂ ಬೀಳುತ್ತಾನೆಯೇ? ಸಾಕ್ಷಿ ಹೇಳುತ್ತ ಬಂದ ಈ ಹದಿನೇಳು ವರ್ಷ ಅವನನ್ನು ನಾನು ಹಿಡಿದು ನಿಲ್ಲಿಸಿದ್ದೇನೆಯೇ? ಹಾಗಿದ್ದರೆ ಅವನು ಯಾತರ ದೇವರು... ಅಜ್ಜಿಯ ಕಥೆಗಳಲ್ಲಿ ಮೂರನೆಯ ದಿನಕ್ಕೆ ರಾಜಕುಮಾರಿಗೆ ಕಣ್ಣು ಬರಲೇಬೇಕು. ಬಾರದಿದ್ದರೆ ನಾವು ಎದ್ದು ಹೋಗುತ್ತಿರಲಿಲ್ಲ. ನನಗೆ ಬೇಕಾದದ್ದು ಕರ್ತನೋ, ಆ ಮೂರನೆಯ ದಿನವೋ?

ಭಯ. ಹೆಂಡತಿ ಸಾಯುತ್ತಾಳೆಂದು, ಯಶೋಧರಾ ಸಾಯುತ್ತಾಳೆಂದು. ಕೂಗಿ ಕರೆದಾಗ ಮೇಲೆ ಯಾರೂ ಇಲ್ಲದಿದ್ದರೆ ಎಂದು.

೯ ಮಾರ್ಚ್, ರವಿವಾರ

ಹೇಳಿದೆ. ‘ಡಾಕ್ಟರು ಬಾಯಿ ತಗದದ್ದು ಸುಳ್ಳು, ಸಾಸಿವಿ ಸುಳ್ಳು, ಎಲ್ಲಾ ನಾ ಕಟ್ಟಿದ್ದು.’ ಯಾರೂ ಸ್ತೋತ್ರ ಅನ್ನಲಿಲ್ಲ. ಗೊಲ್ಲಾಳಪ್ಪಣ್ಣ ಚಾಪೆಯ ಕಡ್ಡಿ ಕೀಳುತ್ತಿದ್ದ. ಹಿಂದೆ ಯಾರೋ, ‘ಮತ್ತ ಉಳಿದ ಸಾಕ್ಷಿಗೋಳು?’ ಎಂದರು. ‘ಅವುಕ್ಕೂ ಉಪ್ಪು-ಖಾರ ಹಚ್ಚೀನಿ’ ಅಂದೆ.

ಯಶೋಧರಾ ಬಾಗಿಲ ಹೊರಗೆ ಕೂತಿದ್ದಳು, ಮೂಗಿಗೆ ಸೆರಗು. ‘ಅಣ್ಣನ ಮಾತು ನಂಬಬ್ಯಾಡ್ರಿ, ಅನುಮಾನದ ದೆವ್ವ ಹಿಡದೈತಿ’ ಎಂದಳು.

ಆಗ ವಿಶಾಖಾ ಎದ್ದಳು. ಕೂಟದಲ್ಲಿ ಇವತ್ತಿನವರೆಗೆ ಬಾಯಿ ತೆರೆದವಳಲ್ಲ. ನೆಟ್ಟಗೆ ಹೊರಗೆ ಹೋಗಿ ಯಶೋಧರಾಳ ಮುಂದೆ ಕೂತು, ತನ್ನ ಸೆರಗು ಸರಿಸಿ, ಆಕೆಯ ಬೆರಳು ಹಿಡಿದು ತನ್ನ ಕುತ್ತಿಗೆಯ ಮೇಲಿಟ್ಟಳು.

‘ಒತ್ತು. ಇನ್ನೂ ಸ್ವಲ್ಪ. ಸಿಕ್ತೇನು?’

ಯಶೋಧರಾ ಕೈ ಹಿಂದೆಳೆದಳು. ಆ ಬೆರಳನ್ನೇ ನೋಡಿದಳು. ಆಮೇಲೆ ಸಣ್ಣ ದನಿ, ‘ಹಂಗಾರ ದೇವರು ಸುಳ್ಳೇನಬೇ ಅಕ್ಕಾ?’

‘ಸುಳ್ಳು ಹೇಳಿದಾಂವ ಅಲ್ಲಿ ನಿಂತಾನ ನೋಡು, ಅಂಗಿ ಗುಂಡಿ ತಿರುವಿಕೋತ. ದೇವರ ಮ್ಯಾಲ ಯಾಕ ಹಾಕ್ತಿ? ರಿಪೋರ್ಟ ಬಂದ ದಿನ ಭಾಂಡಿ ತಿಕ್ಕೋತ ಅತ್ತೀನಿ. ಅಲ್ಲೇ ಇದ್ದ ಅಂವ. ಗಡ್ಡಿ ಐತಿ. ಅವನೂ ಅದಾನ.’

ಯಶೋಧರಾ ಊಟಕ್ಕೆ ನಿಲ್ಲದೆ ಹೋದಳು. ಆ ಎರಡು ಮನೆಯವರೂ ಎದ್ದು ಹೋದರು.

ದಾರಿಯಲ್ಲಿ ವಿಶಾಖಾಳನ್ನು ಕೇಳಿದೆ, ‘ಹೆದರಿಕಿ ಇಲ್ಲೇನು ನಿನಗ?’

‘ಐತಿ. ಎದಿ ಹೊಡಕೋತೈತಿ. ಹೆದರಿಕಿ ಬಿಟ್ಟು ಬಾ ಅಂತ ಅಂವ ನನಗೇನು ಹೇಳಿಲ್ಲ.’

೧೨ ಮಾರ್ಚ್, ಬುಧವಾರ

ಸುಗರಾಬಿ ಫೋನ್. ಯಶೋಧರಾಳನ್ನು ದವಾಖಾನೆಗೆ ಒಯ್ದು ಕಫದ ಟೆಸ್ಟ್ ಮಾಡಿಸಿದ್ದಾಳೆ. ಗುಳಿಗೆ ಮತ್ತೆ ಮೊದಲಿನಿಂದ. ‘ಎರಡು ದಿನ ಆತು, ಕೈಯಾಗ ಹಿಡಕೊಂಡು ಕುಂದರ್ತಾಳ, ನುಂಗವಲ್ಲಳು. ರಾಜಣ್ಣ ಬರಲಿ ಅಂತಾಳ.’

ವಿಶಾಖಾಳ ಆಪರೇಷನ್ ಸೋಮವಾರ.

೧೪ ಮಾರ್ಚ್, ಶುಕ್ರವಾರ, ಬೆಳಿಗ್ಗೆ ಎಂಟು

ಮಮದಾಪುರ. ಯಶೋಧರಾಳ ಕಟ್ಟೆಯ ಈ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆ ತುದಿಯಲ್ಲಿ ಆಕೆ, ಅಂಗೈಯಲ್ಲಿ ಮೂರು ಗುಳಿಗೆ. ನಡುವೆ ಸುಗರಾಬಿ, ನೀರಿನ ತಂಬಿಗೆ.

ಬಂದ ಕೂಡಲೇ ಕೇಳಿದಳು. ‘ಈಗ ಖರೇ ಹೇಳು. ಇವು ನುಂಗಿದ್ರ ನೆಟ್ಟಗಾಗ್ತೀನೇನು?’

‘ನೆಟ್ಟಗಾಗ್ತಾಳ ಅಂತ ಡಾಕ್ಟರು ಅಂತಾರ. ನಡುವ ಬಿಟ್ಟೀಯಲ್ಲ... ನನಗ ಗೊತ್ತಿಲ್ಲವ್ವಾ.’

‘ವಿಶಾಖಕ್ಕ?’

‘ಅದೂ ಗೊತ್ತಿಲ್ಲ.’

‘ಮತ್ತ ಏನು ಗೊತ್ತೈತೋ ನಿನಗ?’

ನಾಲಿಗೆಯ ತುದಿಗೆ ಹತ್ತು ಕಥೆ ಬಂದು ನಿಂತವು. ನುಂಗಿದೆ.

‘ಅಂವ ಕೈ ಬಿಡಂಗಿಲ್ಲ. ನೆಟ್ಟಗಾದ್ರೂ ಬಿಡಂಗಿಲ್ಲ, ಆಗದಿದ್ರೂ ಬಿಡಂಗಿಲ್ಲ. ಅಷ್ಟ.’

ಆಕೆ ಮುಖ ಸೊಟ್ಟ ಮಾಡಿದಳು. ‘ಭಾಳ ಸಣ್ಣ ಕಥಿ ಆತಲ್ಲೋ ಅಣ್ಣಾ.’

‘ಹೂಂ.’

ಬಬಲೇಶ್ವರದ ಬಸ್ಸು ಬಂತು, ಹೋಯಿತು. ಹೋಗಲಿ. ನಾಳೆಯೂ ಬರುತ್ತೇನೆ ಅಂತ ಹೇಳಿದ್ದೇನೆ. ಸೋಮವಾರವೊಂದು ಬಿಟ್ಟು.

ಒಂದು ಗುಳಿಗೆ ನುಂಗಿದಳು. ಕಣ್ಣು ಮುಚ್ಚಿಕೊಂಡಳು. ತುಟಿ ಅಲ್ಲಾಡುತ್ತಿವೆ, ಪ್ರಾರ್ಥನೆಯೋ ವಾಕರಿಕೆಯೋ. ಎರಡನೆಯದು. ಸುಗರಾಬಿ ತಂಬಿಗೆ ಇನ್ನೊಮ್ಮೆ ತುಂಬಿದಳು. ಯಶೋಧರಾ ಮೂರನೆಯದನ್ನು ಬೆರಳ ಸಂದಿಯಲ್ಲಿ ಹಿಡಿದು, ನನ್ನ ಕಡೆ ನೋಡಿ, ಈಗ ಬಾಯಿಗೆ ಒಯ್ಯುತ್ತಿದ್ದಾಳೆ —